ಅದು ಕಪ್ಪುರಂಧ್ರವೇ ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಕಪ್ಪುರಂಧ್ರ ಕಾಣುವುದೇ ಇಲ್ಲ. ಹಾಗಿದ್ದರೆ ಅದು ಕಪ್ಪುರಂಧ್ರವೋ ನ್ಯೂಟ್ರಾನ್ ನಕ್ಷತ್ರವೋ ಅಂತ ಹೇಗೆ ಹೇಳುತ್ತಾರೆ ಸಾರ್? ಸುಮ್ನೆ ಊಹೆ ಅಲ್ವಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ಊಹೆ ಅಲ್ಲಮ್ಮ. ಮೊದಲು ತೂಕ ನೋಡುತ್ತಾರೆ. ಜೊತೆ ನಕ್ಷತ್ರ ಇದ್ದರೆ, ಅದು ಸುತ್ತುವ ರೀತಿಯಿಂದಲೇ ಕಾಣದ ವಸ್ತುವಿನ ತೂಕ ಸಿಗುತ್ತದೆ. ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿಹೋದ ತಿರುಳು, ಸೂರ್ಯನ ಎರಡು ಪಟ್ಟಿಗಿಂತ ತುಸು ಜಾಸ್ತಿ ತೂಗಬಹುದು. ಮೂರು ಪಟ್ಟು ದಾಟಿದರೆ ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪುರಂಧ್ರವಾಗುತ್ತದೆ. ಸಿಗ್ನಸ್ ಎಕ್ಸ್-1 ಅನ್ನುವ ಜೋಡಿಯಲ್ಲಿ ದೊಡ್ಡ ನೀಲಿ ನಕ್ಷತ್ರವೊಂದು 5.6 ದಿನಕ್ಕೊಂದು ಸುತ್ತು ಹಾಕುತ್ತದೆ. ಅದರ ಕಾಣದ ಜೊತೆಗಾರ ಸೂರ್ಯನ ಸುಮಾರು 21 ಪಟ್ಟು ತೂಗುತ್ತದೆ. ಇನ್ನು ನ್ಯೂಟ್ರಾನ್ ನಕ್ಷತ್ರದ ಮಾತೇ ಇಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಸಾಕ್ಷಿ ಇನ್ನೊಂದಿದೆ. ನ್ಯೂಟ್ರಾನ್ ನಕ್ಷತ್ರಕ್ಕೆ ಮೇಲ್ಮೈ ಇದೆ, ಕಪ್ಪುರಂಧ್ರಕ್ಕೆ ಇಲ್ಲ. ನ್ಯೂಟ್ರಾನ್ ನಕ್ಷತ್ರ ಅಂದರೆ ಕೆಂಗೇರಿಯಿಂದ ಕೆ.ಆರ್. ಪುರದಷ್ಟು ಅಗಲದ ಗುಂಡು, ಅಷ್ಟೇ. ಜೊತೆ ನಕ್ಷತ್ರದಿಂದ ಎಳೆದ ಅನಿಲ ಅದರ ಮೇಲೆ ಗಂಟೆಗಟ್ಟಲೆ ಕೂಡಿಕೊಳ್ಳುತ್ತದೆ. ಒತ್ತಡ, ಶಾಖ ಏರಿ ಬೈಜಿಕ ಸಮ್ಮಿಲನ ಶುರುವಾಗಿ ಒಮ್ಮೆಲೇ ಸಿಡಿಯುತ್ತದೆ. 2015ರಲ್ಲಿ ಹಾರಿಸಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಇಂಥ ಸಿಡಿತಗಳನ್ನು ಹಿಡಿದಿದೆ. ಆ ಗ್ರಾಫ್ ಹುಡುಕಿ ನೋಡು. ಸಮತಟ್ಟಾಗಿ ಹೋಗುತ್ತಿದ್ದ ಎಕ್ಸ್-ರೇ ಗೆರೆ ಒಂದೆರಡು ಸೆಕೆಂಡಿನಲ್ಲಿ ನೆಟ್ಟಗೆ ಮೇಲೇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹೀಗೆ ಕಂಡರೆ ಅದು ಕಪ್ಪುರಂಧ್ರ ಅಲ್ಲವೇ ಅಲ್ಲ. ಕಪ್ಪುರಂಧ್ರಕ್ಕೆ ಬಿದ್ದ ಅನಿಲ ಒಳಗೇ ಹೋಗುತ್ತದೆ, ಕೂಡಿಕೊಳ್ಳಲು ಜಾಗವೇ ಇಲ್ಲ. ಆದರೆ ಸಿಡಿತ ಕಾಣಲಿಲ್ಲ ಅಂದಮಾತ್ರಕ್ಕೆ ಕಪ್ಪುರಂಧ್ರ ಅಂತ ಹೇಳಿಬಿಡಬೇಡ. ಎಷ್ಟೋ ನ್ಯೂಟ್ರಾನ್ ನಕ್ಷತ್ರಗಳೂ ಸಿಡಿಯುವುದಿಲ್ಲ.

ಮೂರನೆಯ ದಾರಿ ತೋರಿಸಿದವರು ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. ಇಲ್ಲಿನ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. ಕಪ್ಪುರಂಧ್ರವನ್ನು ಅಲುಗಾಡಿಸಿದರೆ ಅದು ತನ್ನದೇ ಶ್ರುತಿಯಲ್ಲಿ ಕಂಪಿಸಿ ಬೇಗ ಸುಮ್ಮನಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಆ ಶ್ರುತಿ ತೂಕದ ಮೇಲೆ, ತಿರುಗುವ ವೇಗದ ಮೇಲೆ ನಿಂತಿದೆ. ಎರಡು ಕಪ್ಪುರಂಧ್ರಗಳು ಒಂದಾದಾಗ ಎದ್ದು 2015ರಲ್ಲಿ ಸಿಕ್ಕಿದ ಮೊದಲ ಗುರುತ್ವ ಅಲೆಯ (ದೇಶಕಾಲದಲ್ಲೇ ಏಳುವ ಅಲೆ) ಕೊನೆಯ ಭಾಗ ಇದಕ್ಕೆ ಹೊಂದಿತು. 2017ರಲ್ಲಿ ತೀರಿಕೊಳ್ಳುವ ಮೊದಲು ಅವರು ಅದನ್ನು ನೋಡಿದರು. ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಷ್ಟೆಲ್ಲ ಇದ್ದರೂ ಕೆಲವು ಸಿಕ್ಕಿಬೀಳುವುದಿಲ್ಲ. 2019ರ ಆಗಸ್ಟ್‌ನಲ್ಲಿ 23 ಸೂರ್ಯರಷ್ಟು ತೂಕದ ಕಪ್ಪುರಂಧ್ರವೊಂದು 2.6 ಸೂರ್ಯರಷ್ಟು ತೂಕದ ವಸ್ತುವನ್ನು ನುಂಗಿತು. ಇದು ಗೊತ್ತಾದದ್ದು ಗುರುತ್ವ ಅಲೆಯಿಂದ; ನ್ಯೂಟ್ರಾನ್ ನಕ್ಷತ್ರವಾಗಿದ್ದರೆ ಕಾಣಬಹುದಾಗಿದ್ದ ಬೆಳಕು ಕಾಣಲಿಲ್ಲ. ಆ ಚಿಕ್ಕದ್ದು ಏನು ಅನ್ನುವ ಚರ್ಚೆ ಇನ್ನೂ ನಡೆದಿದೆ. ನನಗೇನೋ ಅದು ಕಪ್ಪುರಂಧ್ರವೇ ಅನ್ನಿಸುತ್ತದೆ, ಯಾಕೆಂದರೆ 2.6 ತೂಕ ಹೊತ್ತು ನಿಲ್ಲುವ ನ್ಯೂಟ್ರಾನ್ ನಕ್ಷತ್ರ ಇದ್ದರೆ ಅದು ತೀರಾ ಗಟ್ಟಿ ಇರಬೇಕಾಗುತ್ತದೆ.