ಡಿ ಆಂಜಾದಲ್ಲಿ ಆಂತ್ರೊಪಾಲಜಿ ಓದಬೇಕು ಅನ್ನುವ ತಂಗಿಗೆ

"ಗಂಡನ ಕೆಲಸದ ವೀಸಾದ ಆಧಾರದಲ್ಲಿ ಸಿಗುವ ಎಚ್-4 ವೀಸಾದಲ್ಲಿ ಬಂದಿದ್ದೇನೆ ಅಕ್ಕ, ಬಿ.ಕಾಂ. ಆಗಿದೆ. ಕ್ಯಾಲಿಫೋರ್ನಿಯಾದ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ ಆಂತ್ರೊಪಾಲಜಿ (ಮಾನವಶಾಸ್ತ್ರ) ಓದಿದರೆ ಏನಾದರೂ ಉಪಯೋಗ ಇದೆಯಾ?" ಅಂತ ಕೇಳಿದ್ದೀಯ. ಖಂಡಿತ ಓದು. ಅರಸೀಕೆರೆಯವಳು ಅಂದೆಯಲ್ಲ, ನಮ್ಮದೂ ಬಾಣಾವರದ ಪಕ್ಕದ ಹಳ್ಳಿ.

ಎಚ್-4ನಲ್ಲಿ ಓದಲು ಬೇರೆ ವೀಸಾ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಕಳೆದು ನಿವಾಸಿ ಅನ್ನುವುದಕ್ಕೆ ದಾಖಲೆ ತೋರಿಸಿದರೆ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) ಶುಲ್ಕ 31 ಡಾಲರ್. ಅದಕ್ಕೆ ಮುಂಚೆ ಸೇರಿದರೆ ತುಂಬಾ ಜಾಸ್ತಿ. ಮುಂದೆ ಯೂನಿವರ್ಸಿಟಿಗೆ ಹೋಗುವುದಾದರೆ ಯಾವ ಕೋರ್ಸ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ 'ಅಸಿಸ್ಟ್' ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿಕೋ. ಇಎಡಿ (ಕೆಲಸ ಮಾಡಲು ಬೇಕಾದ ಅನುಮತಿ ಪತ್ರ) ಬರುವ ತನಕ ಕೆಲಸದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ.

ಕಲ್ಚರಲ್ ಆಂತ್ರೊಪಾಲಜಿಯಲ್ಲಿ, ಅಂದರೆ ಜನರ ಬದುಕು, ಸಂಸ್ಕೃತಿ ಓದುವ ಕೋರ್ಸಿನಲ್ಲಿ, ಜಾತಿಯ ಪಾಠ ಬಂದಾಗ ಕ್ಲಾಸೆಲ್ಲ ನಿನ್ನ ಕಡೆ ತಿರುಗುತ್ತದೆ. ನನಗೂ ಹಾಗೇ ಆಯಿತು, ನಾನಾಗ ಹೊಸಬಳು. "ನಮ್ಮೂರಲ್ಲಿ ಎಲ್ಲರೂ ಚೆನ್ನಾಗಿದ್ದೇವೆ" ಅಂದೆ. ಆಮೇಲೊಂದು ದಿನ ಊರಿನ ನಕ್ಷೆ ಬರೆಯಲು ಹೇಳಿದರು. ಯಾರ ಮನೆ ಎಲ್ಲಿ, ಯಾರಿಗೆ ನೀರು ಎಲ್ಲಿಂದ, ಎಲ್ಲ ಗುರುತಿಸಬೇಕು. ನಮ್ಮ ಬೀದಿ, ಗುಡಿ, ಸಂತೆ ಮೈದಾನ ಚಕಚಕ ಬಂತು. ಕೆರೆ ಏರಿ ಆಚೆಯ ಕೇರಿಗೆ ಬಂದು ಕೈ ನಿಂತಿತು. ಅಲ್ಲಿ ಎಷ್ಟು ಮನೆ ಅಂತ ಕೂಡ ನನಗೆ ಗೊತ್ತಿರಲಿಲ್ಲ. ಅಲ್ಲಿನವರೇ ನಮ್ಮ ತೆಂಗಿನ ತೋಟಕ್ಕೆ ದಿನಾ ಬರುತ್ತಿದ್ದರು, ಹಿತ್ತಲಲ್ಲಿ ಊಟ ಮಾಡಿ ಹೋಗುತ್ತಿದ್ದರು. ಹಿತ್ತಲಲ್ಲಿ ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇಷ್ಟು ದೂರ ಬಂದ ಮೇಲೆ, ಬೇರೆಯವರು ಕೇಳಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಈಗಲೂ ಚುಚ್ಚುತ್ತದೆ.

ಅದೇ ಕ್ಲಾಸಿನಲ್ಲಿ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹೆಸರು ಬಂದಾಗ ಎದೆಯುಬ್ಬಿತು. ಅವರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಯಾವ ಜಾತಿಯವರ ಕೈಯಲ್ಲಿ ಜಮೀನು, ಯಾರ ಮಾತು ನಡೆಯುತ್ತದೆ ಅಂತ ನೋಡಿ ಬರೆದುಕೊಂಡವರು. ಆ ಹಳ್ಳಿಯನ್ನು ರಾಮಪುರ ಅಂತ ಕರೆದರು. 1970ರಲ್ಲಿ ಇಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ನೋಡುವುದು ಅಂದರೆ ಅದು. ನಾನು ಹದಿನೆಂಟು ವರ್ಷ ಊರಲ್ಲೇ ಇದ್ದೆ, ಅರ್ಧ ಊರನ್ನೇ ನೋಡಿರಲಿಲ್ಲ.

ಹಾಗಾಗಿ ಯಾರಾದರೂ "ಇಂಡಿಯಾದಲ್ಲಿ ಹೇಗೆ?" ಅಂದರೆ "ನಮ್ಮ ಬೀದಿಯಲ್ಲಿ ಹೀಗಿತ್ತು" ಅಂತ ಮಾತ್ರ ಹೇಳು. ಊರಿಗೆ ಹೋದಾಗ ಏರಿ ಆಚೆಗೂ ಹೋಗಿ ಬಾ.

ಫಿಸಿಕಲ್ ಆಂತ್ರೊಪಾಲಜಿಗೆ (ಮನುಷ್ಯನ ದೇಹ, ವಿಕಾಸ ಓದುವ ಕೋರ್ಸ್) ಹೆದರಬೇಡ. ಲ್ಯಾಬ್‌ನಲ್ಲಿ ತಲೆಬುರುಡೆಯ ಅಚ್ಚುಗಳನ್ನು ಹೋಲಿಸಿ ನೋಡುವುದು, ಅಳೆಯುವುದು ಇರುತ್ತದೆ. ಬಿ.ಕಾಂ. ಓದಿದವರಿಗೂ ಸಾಗುತ್ತದೆ. ಆದರೂ ಕಲ್ಚರಲ್ ಮೊದಲು ತಗೋ. ಫಾಲ್ (ಶರತ್ಕಾಲದ ಅವಧಿ) ತರಗತಿಗಳು ಸೆಪ್ಟೆಂಬರ್ ಕೊನೆಯಲ್ಲಿ ಶುರು, ಸೀಟು ಬೇಗ ತುಂಬುತ್ತವೆ.