ಸಂಬಳದ ಕೆಲಸವೋ, ಮೆಚ್ಚಿದ ಕೆಲಸವೋ?

ಪ್ರಶ್ನೆ: ನನಗೆ 27 ವರ್ಷ. ಬಿ.ಇ. ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿದ್ದೇನೆ. ಗಣಿತದ ಶಿಕ್ಷಕಿಯಾಗುವ ಆಸೆ. ‘ಇಷ್ಟು ಓದಿಸಿದ್ದು ಇದಕ್ಕೇನಾ?’ ಎಂದು ಅಪ್ಪ ಸಿಟ್ಟಾಗುತ್ತಾರೆ, ನೆಂಟರು ನಗುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ನೆಂಟರ ನಗುವನ್ನೂ ತಂದೆಯವರ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡಿ. ನೆಂಟರಿಗೆ ನೀವು ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಆದರೆ ನಿಮ್ಮ ಓದಿಗಾಗಿ ತಂದೆ ಸಾಲ ಮಾಡಿದ್ದು ಅದು ಇನ್ನೂ ತೀರದಿದ್ದರೆ, ಅವರ ಸಿಟ್ಟಿನೊಳಗೆ ಮರ್ಯಾದೆಯ ಪ್ರಶ್ನೆಗಿಂತ ಹೆಚ್ಚಾಗಿ ಮುಪ್ಪಿನ ಭಯವಿರುವ ಸಾಧ್ಯತೆಯಿದೆ. ಆ ಭಯಕ್ಕೆ ಉತ್ತರವಾಗಬಲ್ಲದ್ದು ವಾದವಲ್ಲ, ಸಾಲದ ಕಂತುಗಳನ್ನು ಹೇಗೆ ತೀರಿಸುತ್ತೀರಿ ಎಂಬ ಸ್ಪಷ್ಟ ಲೆಕ್ಕ.

ಸಂಗೀತದ ಗುರುವನ್ನರಸಿ 1933ರಲ್ಲಿ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿಯವರ ಉದಾಹರಣೆಯನ್ನು ಇಂಥ ಸಂದರ್ಭದಲ್ಲಿ ಎಲ್ಲರೂ ಕೊಡುತ್ತಾರೆ. ಉತ್ತರ ಭಾರತವನ್ನೆಲ್ಲ ಅಲೆದ ಅವರಿಗೆ ಸವಾಯಿ ಗಂಧರ್ವರು ಗುರುವಾಗಿ ದೊರೆತದ್ದು ಊರಿಗೆ ಮರಳಿದ ಮೇಲೆ, ಸಮೀಪದ ಕುಂದಗೋಳದಲ್ಲಿ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ನಿಮ್ಮ ಆಸೆ ಸಾಧುವಾದದ್ದು, ಅಸಾಧ್ಯವಾದದ್ದೂ ಅಲ್ಲ. ಬಿ.ಇ. ಪದವೀಧರರಿಗೂ ಬಿ.ಇಡಿ. ಪ್ರವೇಶಕ್ಕೆ ಅವಕಾಶವಿದೆ, ಅದು ಎರಡು ವರ್ಷಗಳ ಓದು, ಆ ಅವಧಿಯಲ್ಲಿ ಸಂಬಳವಿರುವುದಿಲ್ಲ. ಆದ್ದರಿಂದ ರಾಜೀನಾಮೆಗೆ ಮುನ್ನ ಎರಡು ವರ್ಷದ ಖರ್ಚನ್ನು ಕೂಡಿಡಿ. ಅಷ್ಟರೊಳಗೆ ವಾರಾಂತ್ಯಗಳಲ್ಲಿ ಹತ್ತಿರದ ಮಕ್ಕಳಿಗೆ ಪಾಠ ಹೇಳಿ, ಭಿನ್ನರಾಶಿಯನ್ನು ಹತ್ತನೆಯ ಬಾರಿ ವಿವರಿಸುವಾಗಲೂ ಉತ್ಸಾಹ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ. ಉಳಿದರೆ, ತಂದೆಯವರ ಒಪ್ಪಿಗೆ ತಡವಾದರೂ ಅರ್ಜಿ ಹಾಕಿ.