ಕೂತು ಓಡಿಸುವ ಲಾನ್ ಮೋವರ್ ಕೀ ತಿರುಗಿಸಿದರೆ ಟಕ್ ಅಂತ ಸುಮ್ಮನಾಗುತ್ತದೆ, ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಗಾಡಿ ಬೇಸಿಗೆಯ ಮೂರು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಮಳೆ ಬಿದ್ದು ಹುಲ್ಲು ಮೊಣಕಾಲುದ್ದ ಬಂದಿದೆ. ಕೀ ತಿರುಗಿಸಿದರೆ ಒಂದೇ ಒಂದು ಟಕ್. ಮೆಕ್ಯಾನಿಕ್ ಸ್ಟಾರ್ಟರ್ ಮೋಟಾರ್ ಬದಲಿಸಬೇಕು ಅಂದಿದ್ದಾರೆ.

ಸ್ವಲ್ಪ ತಡೆಯಿರಿ. ನಾನು ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಿನ ಒಂದು ತೋಟದ ಮನೆಯಲ್ಲಿ ಎರಡು ಎಕರೆ ಲಾನ್ ನೋಡಿಕೊಳ್ಳುತ್ತೇನೆ. ಇದೇ ಟಕ್ ಸದ್ದಿಗೆ ನಾನೂ ಒಮ್ಮೆ ಹೊಸ ಸ್ಟಾರ್ಟರ್ ಹಾಕಿಸಿದೆ. ದುಡ್ಡು ಹೋಯಿತು, ಟಕ್ ಹೋಗಲಿಲ್ಲ. ಕೊನೆಗೆ ನೋಡಿದರೆ ಬ್ಯಾಟರಿಯಿಂದ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಬರುವ ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿದಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಕೀ ತಿರುಗಿಸಿದ ಕೂಡಲೇ 9ರ ಕೆಳಗೆ ಬಿದ್ದರೆ ಬ್ಯಾಟರಿಯನ್ನೇ ಅನುಮಾನಿಸಿ. ಟಕಟಕಟಕ ಅಂತ ಬಡಿದುಕೊಂಡರೂ ಸಾಮಾನ್ಯವಾಗಿ ಅದೇ ಕಾರಣ. ಬ್ಯಾಟರಿ ಸರಿಯಿದ್ದೂ ಒಂದೇ ಟಕ್ ಬಂದರೆ ಟರ್ಮಿನಲ್, ಅರ್ತ್, ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚು) ನೋಡಿ. ಸ್ಟಾರ್ಟರ್ ಸರದಿ ಇವೆಲ್ಲ ಆದ ಮೇಲೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಟಕ್ ಕೂಡ ಬರದಿದ್ದರೆ ಸೀಟು, ಬ್ರೇಕ್ ಪೆಡಲ್, ಬ್ಲೇಡ್ ಲಿವರಿನ ಸೇಫ್ಟಿ ಸ್ವಿಚ್ ನೋಡಿ ಅನ್ನುತ್ತಿದ್ದೆ. ನಿಮ್ಮದರಲ್ಲಿ ಸದ್ದು ಬರುತ್ತಿದೆ, ಅಲ್ಲಿ ತಕರಾರು ಇರಲಾರದು. ಸೀಟಿನ ಸ್ವಿಚ್ಚಿಗೆ ಸುಮ್ನೆ ಒಂದು ವೈರ್ ಸುತ್ತಿ ಓಡಿಸುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಆಯ ತಪ್ಪಿ ಬಿದ್ದರೆ ಬ್ಲೇಡ್ ನಿಲ್ಲುವುದೇ ಆ ಸ್ವಿಚ್ಚಿನಿಂದ.

ಎಂಜಿನ್ ತಿರುಗತೊಡಗಿತು, ಆದರೆ ಹತ್ತಿಕೊಳ್ಳುತ್ತಿಲ್ಲ ಅನ್ನಿ. ಆಗ ಪೆಟ್ರೋಲ್ ಸಮಸ್ಯೆ. ಮೂರು ತಿಂಗಳ ಹಳೇ ಪೆಟ್ರೋಲ್ ಮೂಸಿ ನೋಡಿ, ವಾರ್ನಿಷ್ ವಾಸನೆ ಹೊಡೆಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20 ಪರ್ಸೆಂಟ್ ಎಥನಾಲ್ ಬೆರೆತದ್ದು. ಬಹಳಷ್ಟು ಮೋವರುಗಳ ಪುಸ್ತಕದಲ್ಲಿ 10 ದಾಟಬೇಡಿ ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಕಾರ್ಬುರೇಟರ್ ಬಟ್ಟಲಲ್ಲಿ ನೀರು ಇಳಿಯುತ್ತದೆ, ಪೆಟ್ರೋಲ್ ಹಾಯುವ ಜೆಟ್ಟಿನ ಕೂದಲಗಾತ್ರದ ತೂತು ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಖಾಲಿ ಮಾಡಿ, ಬಟ್ಟಲು ಬಿಚ್ಚಿ, ಜೆಟ್ಟಿಗೆ ಕಾರ್ಬುರೇಟರ್ ಕ್ಲೀನರ್ ಹೊಡೆಯಿರಿ. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ನಾನು ಈಗ ಬೇಸಿಗೆಗೆ ನಿಲ್ಲಿಸುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಬಿಡುತ್ತೇನೆ.

ಸ್ಟಾರ್ಟ್ ಆದ ಖುಷಿಗೆ ಹಾಗೇ ಓಡಿಸಬೇಡಿ. ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿ ನೋಡಿ. ನಮ್ಮ ಶೆಡ್ಡಿನಲ್ಲಿ ಇಲಿ ಅಲ್ಲೇ ಒಣಹುಲ್ಲು ತುರುಕಿ ಸಂಸಾರ ಹೂಡಿತ್ತು. ಇದು ಗಾಳಿಯಿಂದ ತಣ್ಣಗಾಗುವ ಎಂಜಿನ್, ಗಾಳಿ ಕಟ್ಟಿದರೆ ಕಾದು ಹೋಗುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದಷ್ಟು ದಿನ ಬಾಳುವುದಿಲ್ಲ. ಸ್ಪಂಜಿನದ್ದಾದರೆ ಸೋಪು ನೀರಲ್ಲಿ ತೊಳೆದು ಒಣಗಿಸಿ. ಕಾಗದದ್ದನ್ನು ತೊಳೆಯಬೇಡಿ, ಬದಲಿಸಿ. ಆಯಿಲ್ 50 ಗಂಟೆಗೊಮ್ಮೆ.

ಬೆಲ್ಟ್ ಕಿರುಗುಟ್ಟಿದರೆ ಹಿಟ್ಟಿನ ಮಿಲ್ಲಿನ ಬೆಲ್ಟ್ ತಂದು ಹಾಕಬೇಡಿ. ಅಳತೆ ಕೂಡಿದರೂ ಬೇಗ ಸವೆಯುತ್ತದೆ. ಬ್ಲೇಡಿಗೆ ಕೈ ಹಾಕುವ ಮುಂಚೆ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ. ಅರ ಹಾಕಿದ ಮೇಲೆ ಬ್ಲೇಡನ್ನು ಒಂದು ಮೊಳೆಗೆ ನೇತುಹಾಕಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಉಜ್ಜಿ.

ಇನ್ನು ಆ ಮೊಣಕಾಲುದ್ದದ ಹುಲ್ಲು. ಮೋವರನ್ನು ನೇರವಾಗಿ ನುಗ್ಗಿಸಬೇಡಿ, ಡೆಕ್ (ಬ್ಲೇಡನ್ನು ಮುಚ್ಚಿರುವ ತಗಡಿನ ಗೂಡು) ಒಳಗೆ ಕಟ್ಟಿಕೊಂಡು ಬೆಲ್ಟ್ ಸುಡುತ್ತದೆ. ಮೊದಲು ಬ್ರಷ್ ಕಟರಿನಲ್ಲಿ ಹುಲ್ಲಿನ ತಲೆ ಇಳಿಸಿ, ಎರಡು ದಿನ ಬಿಸಿಲು ಬೀಳಲಿ. ಆಮೇಲೆ ಡೆಕ್ ಪೂರ್ತಿ ಮೇಲೆತ್ತಿ ಓಡಿಸಿ. ಮೀಟರ್ ಎಷ್ಟು ತೋರಿಸಿತು ಅಂತ ಕಾಮೆಂಟಿನಲ್ಲಿ ಹಾಕಿ, ನೋಡೋಣ.